ಮೂವತ್ತೈದಕ್ಕೆ ಪೈಲಟ್ ಆಗೋ ಆಸೆಯೇ? ಸೈಟು ಮಾರೋ ಮುಂಚೆ ಇದನ್ನು ಓದಿ

2025ರ ಡಿಸೆಂಬರ್ ಮೊದಲ ವಾರ ನೆನಪಿದೆಯಲ್ಲ? ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾದವು. ಮದುವೆಗೆ ಹೊರಟವರು, ಪರೀಕ್ಷೆಗೆ ಹೊರಟವರು ಎಲ್ಲರೂ ನಿಲ್ದಾಣದ ನೆಲದ ಮೇಲೇ ರಾತ್ರಿ ಕಳೆಯುವಂತಾಯಿತು. 5ನೇ ತಾರೀಖು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ಹಾರಲಿಲ್ಲ. ಟೀವಿ ಹಾಕಿದರೆ ಒಂದೇ ಮಾತು: ‘ಪೈಲಟ್‌ಗಳ ಕೊರತೆ’.

ಆ ಸಂಜೆ ನಮ್ಮ ಮಹಡಿಯ ಗೆಳತಿ ಕಾಫಿ ಲೋಟ ಹಿಡಿದುಕೊಂಡೇ ಬಂದಳು. ವಯಸ್ಸು 35, ಓದಿದ್ದು ಬಿ.ಕಾಂ., ಮಗ ಐದನೇ ಕ್ಲಾಸು. ‘ಅಷ್ಟೊಂದು ಕೊರತೆ ಇದ್ರೆ ನಾನ್ಯಾಕೆ ಕಲೀಬಾರ್ದು ಕಣೇ? ಅಪ್ಪ ಕೊಟ್ಟ ಸೈಟು ಮಾರಿದ್ರೆ ಫೀಸಿಗಾಗುತ್ತೆ’ ಅಂದಳು. ಅವಳ ಮುಖ ನೋಡಿದರೆ ತಮಾಷೆ ಮಾಡ್ತಿಲ್ಲ ಅಂತ ಗೊತ್ತಾಯ್ತು. ಹಾಗಾಗಿ ಇಬ್ಬರೂ ಕೂತು ವಿಷಯ ತಿಳಿದುಕೊಂಡೆವು.

ಕೊರತೆ ಯಾರದ್ದು?

2025ರ ನವೆಂಬರ್ 1ರಿಂದ ಪೈಲಟ್‌ಗಳ ದುಡಿಮೆಯ ಹೊಸ ನಿಯಮ ಪೂರ್ತಿ ಜಾರಿಯಾಗಬೇಕಿತ್ತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ರಾತ್ರಿ ಹೊತ್ತು ವಿಮಾನ ಇಳಿಸುವ ಮಿತಿ ಆರರಿಂದ ಎರಡಕ್ಕೆ ಇಳಿಯಿತು. ಇದು ನ್ಯಾಯವೇ. ಎಳೆ ಮಗು ಇಟ್ಟುಕೊಂಡು ವಾರಗಟ್ಟಲೆ ನಿದ್ದೆಗೆಟ್ಟ ನಮಗೆ ಹೇಳಿಕೊಡಬೇಕೆ, ನಿದ್ದೆಯಿಲ್ಲದ ತಲೆ ಎಷ್ಟು ಓಡುತ್ತೆ ಅಂತ? ಆದರೆ ಅಷ್ಟೇ ವಿಮಾನ ಹಾರಿಸೋಕೆ ಈಗ ಹೆಚ್ಚು ಜನ ಬೇಕು. ಆ ತಯಾರಿ ಸಾಲದೇ ಹೋಯಿತು.

ಇಲ್ಲೇ ಒಂದು ಸೂಕ್ಷ್ಮ ಇದೆ. ಹೊಸಬರಿಗೆ 200 ಗಂಟೆ ಹಾರಾಟದ ಮೇಲೆ ಸಿಗೋದು ಕಮರ್ಷಿಯಲ್ ಪೈಲಟ್ ಲೈಸೆನ್ಸ್. ಕ್ಯಾಪ್ಟನ್ ಆಗಲು ಬೇಕಾದ ದೊಡ್ಡ ಲೈಸೆನ್ಸಿಗೆ 1500 ಗಂಟೆ ಹಾರಿರಬೇಕು. ನಿಜವಾದ ಬರ ಇರುವುದು ಇಂಥ ಅನುಭವಿಗಳಿಗೆ. ಹೊಸ ಲೈಸೆನ್ಸುಗಳೇನೋ 2023ರಲ್ಲೇ 1,622 ಕೊಟ್ಟಿದ್ದಾರೆ. ಲೈಸೆನ್ಸ್ ಕೈಲಿಟ್ಟುಕೊಂಡು ಮೊದಲ ಕೆಲಸಕ್ಕೆ ಕಾಯುತ್ತಿರುವವರು ಬಹಳ ಜನ. ಮದುವೆಮನೆಗೆ ಅಡುಗೆ ಭಟ್ಟರು ಸಿಗಲಿಲ್ಲ ಅಂದರೆ, ತರಕಾರಿ ಹೆಚ್ಚೋರೂ ಸಿಗಲಿಲ್ಲ ಅಂತ ಅರ್ಥವಲ್ಲ, ಅಲ್ಲವೇ?

ವಯಸ್ಸು ಅಡ್ಡಿಯೇ?

ಕಾನೂನಿನ ಪ್ರಕಾರ ಅಡ್ಡಿಯಿಲ್ಲ. ಲೈಸೆನ್ಸಿಗೆ ಕನಿಷ್ಠ 18 ವರ್ಷ ಆಗಿರಬೇಕು. ಪ್ರಯಾಣಿಕರ ವಿಮಾನವನ್ನು 65ರವರೆಗೂ ಹಾರಿಸಬಹುದು. 38ಕ್ಕೆ ಲೈಸೆನ್ಸ್ ಸಿಕ್ಕರೂ ಮುಂದೆ 27 ವರ್ಷ ಇದೆ! ಆದರೆ ವಿಮಾನ ಕಂಪನಿಗಳು ತಾವೇ ತರಬೇತಿ ಕೊಡಿಸುವ ಕೆಡೆಟ್ ಯೋಜನೆಗಳಲ್ಲಿ ವಯೋಮಿತಿ ಸಾಮಾನ್ಯವಾಗಿ ಮೂವತ್ತರ ಆಸುಪಾಸು. ಅದು ದಾಟಿದವರು ಸ್ವಂತ ದುಡ್ಡಲ್ಲಿ ಕಲಿತು, ಸ್ವಂತವಾಗಿ ಕೆಲಸ ಹುಡುಕಬೇಕು.

ಹೆಣ್ಣು ಅನ್ನೋ ಕಾರಣಕ್ಕೆ ಹಿಂಜರಿಯಬೇಕಿಲ್ಲ. ನಮ್ಮ ದೇಶದ ಪೈಲಟ್‌ಗಳಲ್ಲಿ ಸುಮಾರು ಶೇ 15ರಷ್ಟು ಮಹಿಳೆಯರು. ಜಗತ್ತಿನ ಸರಾಸರಿಗಿಂತ ಇದು ಬಹಳ ಹೆಚ್ಚು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಸಂಗಡಿಗರು, ಎಲ್ಲರೂ ಹೆಣ್ಣುಮಕ್ಕಳೇ, ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿಂದ ಹಾರಿ ನಮ್ಮ ಬೆಂಗಳೂರಿಗೇ ಬಂದಿಳಿದರು. 1936ರಲ್ಲಿ ಲಾಹೋರಿನಲ್ಲಿ ಸರಳಾ ಠಕ್ರಾಲ್ ಸೀರೆ ಉಟ್ಟೇ ಒಬ್ಬಂಟಿಯಾಗಿ ವಿಮಾನ ಹಾರಿಸಿದಾಗ ಅವರಿಗೆ 21 ವರ್ಷ, ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಳು. ಮುಂದೆ ಗಂಡ ತೀರಿಕೊಂಡರು, ಮಹಾಯುದ್ಧದಿಂದ ತರಬೇತಿಯೂ ನಿಂತಿತು. ಕಮರ್ಷಿಯಲ್ ಪೈಲಟ್ ಆಗುವ ಅವರ ಆಸೆ ಅಲ್ಲಿಗೇ ಮುಗಿಯಿತು. ಶಕ್ತಿ ಇದ್ದರೂ ಸಂದರ್ಭ ಕೈಕೊಡಬಹುದು, ಅದಕ್ಕೇ ಲೆಕ್ಕಾಚಾರ ಬೇಕು ಅನ್ನೋದು.

ಖರ್ಚಿನ ಮಾತು

ತರಬೇತಿಗೇ ಸುಮಾರು 40ರಿಂದ 60 ಲಕ್ಷ ರೂಪಾಯಿ. ಆಮೇಲೆ ದೊಡ್ಡ ವಿಮಾನ ಹಾರಿಸಲು ‘ಟೈಪ್ ರೇಟಿಂಗ್’ ಮಾಡಿಸಬೇಕು. ಅದಕ್ಕೆ ಬೇರೆ ಹದಿನೈದು ಲಕ್ಷಕ್ಕೂ ಮೇಲೆ. ಮಳೆ, ಮೋಡ, ಕೆಟ್ಟು ನಿಂತ ವಿಮಾನ ಅಂತ ತರಬೇತಿ ತಿಂಗಳುಗಟ್ಟಲೆ ಎಳೆಯಬಹುದು. ಹಾಸ್ಟೆಲ್, ಊಟದ ಖರ್ಚು ಮಾತ್ರ ನಿಲ್ಲೋದಿಲ್ಲ. ಆದ್ದರಿಂದ ಹೆಜ್ಜೆಗಳು ಈ ಕ್ರಮದಲ್ಲಿರಲಿ:

* ಮೊದಲು ವೈದ್ಯಕೀಯ ಪರೀಕ್ಷೆ. ಕ್ಲಾಸ್ 2, ನಂತರ ಕ್ಲಾಸ್ 1. ಕನ್ನಡಕ ಇದ್ದ ಮಾತ್ರಕ್ಕೆ ಅನರ್ಹರಲ್ಲ. ಬಿಪಿ, ಥೈರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡಬೇಡಿ.

* ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಲಿಲ್ಲವೇ? ರಾಷ್ಟ್ರೀಯ ಮುಕ್ತ ಶಾಲೆಯಿಂದ ಈಗಲೂ ಬರೆಯಬಹುದು. ನಿಯಮ ಸಡಿಲ ಆಗುತ್ತಂತೆ ಅನ್ನೋ ಸುದ್ದಿ ನಂಬಿ ಕೂರಬೇಡಿ.

* ಹವಾಮಾನ, ನ್ಯಾವಿಗೇಶನ್, ನಿಯಮಾವಳಿ ಮುಂತಾದ ಲಿಖಿತ ಪರೀಕ್ಷೆಗಳಿಗೆ ಮನೆಯಲ್ಲೇ ಓದಿಕೊಳ್ಳಿ. ಖರ್ಚು ಕಡಿಮೆ, ನಿಮ್ಮ ಛಲ ಎಷ್ಟು ಅಂತಲೂ ಗೊತ್ತಾಗುತ್ತದೆ.

* ಇವೆಲ್ಲ ಆದ ಮೇಲೇ ಫ್ಲೈಯಿಂಗ್ ಸ್ಕೂಲ್. ಡಿಜಿಸಿಎ ಮಾನ್ಯತೆ ಇದೆಯೇ, ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟಿವೆ ಕೇಳಿ. ಪೂರ್ತಿ ಫೀಸು ಒಂದೇ ಸಲ ಕಟ್ಟಬೇಡಿ. ಕಲಿತವರನ್ನು ಮಾತಾಡಿಸಿ.

* ‘ಕೆಲಸ ಗ್ಯಾರಂಟಿ’ ಅನ್ನೋರಿಂದ ದೂರ ಇರಿ. ಎರಡು ವರ್ಷ ಕೆಲಸ ಸಿಗದಿದ್ದರೆ ಸಾಲದ ಕಂತು ಯಾರು ಕಟ್ಟುತ್ತಾರೆ ಅಂತ ಮನೆಯವರ ಜತೆ ಮೊದಲೇ ಮಾತಾಡಿ.

* ಮಕ್ಕಳ ವಿಷಯವೂ ಅಷ್ಟೇ ಮುಖ್ಯ. ಈ ಕೆಲಸದಲ್ಲಿ ರಾತ್ರಿಗಳು ಹೊರಗೆ, ಹಬ್ಬಗಳು ಆಕಾಶದಲ್ಲಿ. ಮನೆ ಯಾರು ನೋಡಿಕೊಳ್ಳುತ್ತಾರೆ ಅನ್ನೋ ಪ್ರಶ್ನೆ ಗಂಡಸರಿಗೆ ಯಾರೂ ಕೇಳಲ್ಲ, ನಿಜ. ಆದರೂ ನಾವು ಕೇಳಿಕೊಂಡೇ ಹೊರಡೋದು ಕ್ಷೇಮ.

ಹಾರೋದಷ್ಟೇ ಆಸೆ, ಉದ್ಯೋಗ ಬೇಡ ಅನ್ನೋರಿಗೆ ಪ್ರೈವೇಟ್ ಪೈಲಟ್ ಲೈಸೆನ್ಸ್ ಇದೆ. ಅದಕ್ಕೆ ಕನಿಷ್ಠ 40 ಗಂಟೆ ಹಾರಾಟ ಸಾಕು.

ನನ್ನ ಗೆಳತಿ ಈಗ ಹತ್ತೊಂಬತ್ತು ವರ್ಷಗಳ ನಂತರ ಮತ್ತೆ ಭೌತಶಾಸ್ತ್ರದ ಪುಸ್ತಕ ತೆರೆದಿದ್ದಾಳೆ. ಕ್ಲಾಸ್ 2 ಪರೀಕ್ಷೆ ಪಾಸಾಗಿದೆ. ಮಗನೇ ಲೆಕ್ಕ ತಿದ್ದುತ್ತಾನಂತೆ! ಸೈಟಿನ ಪತ್ರ ಮಾತ್ರ ಇನ್ನೂ ಬೀರುವಿನಲ್ಲೇ ಇದೆ. ಲಿಖಿತ ಪರೀಕ್ಷೆ ಮುಗಿಯೋವರೆಗೂ ಅಲ್ಲೇ ಇರಲಿ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.