ಮೇಲಿನಿಂದ ಬರುವವನ ಸ್ವಾತಂತ್ರ್ಯ

ಆಲ್ಪ್ಸ್ ಪರ್ವತದ ಹಲವು ಸ್ಕೀ ರೆಸಾರ್ಟುಗಳಲ್ಲಿ ಒಂದು ಮೋಜಿನ ಏರ್ಪಾಡಿದೆ. ಇಳಿಜಾರಿನ ಒಂದು ಭಾಗಕ್ಕೆ ಬಲೆ ಕಟ್ಟಿ ಬೇರ್ಪಡಿಸಿ, ವೇಗ ಅಳೆಯುವ ಯಂತ್ರ ಇಟ್ಟಿರುತ್ತಾರೆ. ಮೇಲಿನಿಂದ ಜಾರಿ ಬಂದವರಿಗೆ ತಮ್ಮ ವೇಗ ದೊಡ್ಡ ಅಂಕಿಗಳಲ್ಲಿ ಕಾಣುತ್ತದೆ. ಗೆಳೆಯರು ಹೋಲಿಸಿ ನೋಡಿ, ನಗುತ್ತಾ ಮತ್ತೆ ಮೇಲೆ ಹೋಗುತ್ತಾರೆ, ಇನ್ನೊಂದು ಐದು ಕಿಲೋಮೀಟರ್ ಹೆಚ್ಚಿಸಲು. ಇದೇ ಉದ್ಯಮವನ್ನು 'ಜನ ಕಿಕ್ಕಿರಿದ ಇಳಿಜಾರುಗಳಿಗಾದರೂ ವೇಗಮಿತಿ ಹಾಕಬಾರದೇ?' ಎಂದು ಕೇಳಿ ನೋಡಿ. ಬರುವ ಉತ್ತರಗಳಲ್ಲಿ ಮೊದಲನೆಯದು: ಹಿಮದ ಮೇಲೆ ವೇಗ ಅಳೆಯುವುದು ಹೇಗೆ?

ಮೋಜಿಗೆ ಸಿಗುವ ಯಂತ್ರ ಜೀವ ಉಳಿಸಲು ಸಿಗುವುದಿಲ್ಲ ಎಂದರೆ ಕೊರತೆ ಯಂತ್ರದ್ದಲ್ಲ, ಮನಸ್ಸಿನದು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಇಡೀ ಪರ್ವತಕ್ಕೆ ಒಂದೇ ವೇಗಮಿತಿ ಹಾಕಿ ಎನ್ನುತ್ತಿಲ್ಲ. ಕಲಿಯುವವರ ಇಳಿಜಾರು, ಎರಡು ದಾರಿಗಳು ಕೂಡುವ ಜಾಗ, ಸಂಜೆ ಎಲ್ಲರೂ ಒಟ್ಟಿಗೆ ಇಳಿದು ಬರುವ ಕೊನೆಯ ಹಾದಿ, ಈ ಮೂರು ಕಡೆ ಒಂದು ಸಂಖ್ಯೆಯನ್ನು ಬರೆದು ನಿಲ್ಲಿಸಿ. ಅದನ್ನು ಕಾಯಲು ಒಬ್ಬರನ್ನು ಇಡಿ. ಮೀರಿದವರ ಲಿಫ್ಟ್ ಪಾಸನ್ನು ಆ ದಿನಕ್ಕೆ ರದ್ದು ಮಾಡಿ. ಅಷ್ಟೇ.

'ನಿಯಮ ಈಗಾಗಲೇ ಇದೆಯಲ್ಲ' ಎನ್ನುವವರಿದ್ದಾರೆ. ಇದೆ, ನಿಜ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 1967ರಲ್ಲೇ ಹತ್ತು ನಡವಳಿಕೆಯ ನಿಯಮಗಳನ್ನು ರೂಪಿಸಿತು. ಎರಡನೆಯ ನಿಯಮ ವೇಗದ ಬಗ್ಗೆ: ನಿಮ್ಮ ಸಾಮರ್ಥ್ಯ, ನೆಲ, ಹಿಮ, ಹವೆ ಮತ್ತು ಜನಸಂದಣಿಗೆ ತಕ್ಕಂತೆ ಜಾರಬೇಕು. ಮೂರನೆಯದು ಇನ್ನೂ ಮುಖ್ಯ: ಹಿಂದಿನಿಂದ ಬರುವವರು ಮುಂದಿರುವವರಿಗೆ ಅಪಾಯವಾಗದ ದಾರಿ ಹಿಡಿಯಬೇಕು. ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್‌ಗಳ ನ್ಯಾಯಾಲಯಗಳು ಹೊಣೆಗಾರಿಕೆ ತೀರ್ಮಾನಿಸುವಾಗ ಈ ನಿಯಮಗಳನ್ನೇ ಅಳತೆಗೋಲಾಗಿ ಬಳಸುತ್ತವೆ. ಒಳ್ಳೆಯ ನಿಯಮಗಳೇ. ಆದರೆ ಅವು ನಿಜವಾಗಿ ಬಳಕೆಗೆ ಬರುವುದು ಮೂಳೆ ಮುರಿದ ಮೇಲೆ, ವಕೀಲರ ಕೈಯಲ್ಲಿ. ಜಾರುತ್ತಿರುವ ಹೊತ್ತಿನಲ್ಲಿ 'ನನಗೆ ಹಿಡಿತವಿದೆಯೇ?' ಎಂಬ ಪ್ರಶ್ನೆಗೆ ತೀರ್ಪು ಕೊಡುವವನು ಜಾರುತ್ತಿರುವವನೇ. ತನಗೆ ಹಿಡಿತವಿಲ್ಲ ಎಂದು ಡಿಕ್ಕಿಗೆ ಮುಂಚೆ ಒಪ್ಪಿಕೊಂಡವರನ್ನು ಯಾರಾದರೂ ಕಂಡಿದ್ದಾರೆಯೇ?

ಈಗ ಸ್ವಲ್ಪ ಲೆಕ್ಕ. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಇಳಿಜಾರುಗಳಲ್ಲಿ 650 ಬಾರಿ ವೇಗ ಅಳೆದು, ಸರಾಸರಿ ಗಂಟೆಗೆ 43 ಕಿಲೋಮೀಟರ್ ಎಂದು ಕಂಡುಕೊಂಡಿತು. ಇದು ಪಂದ್ಯದ ವೇಗವಲ್ಲ, ರಜೆಗೆ ಬಂದವರ ವೇಗ. ಗಂಟೆಗೆ 43 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಯುವುದೆಂದರೆ ಸುಮಾರು 7 ಮೀಟರ್ ಎತ್ತರದಿಂದ, ಅಂದರೆ ಎರಡಂತಸ್ತಿನ ಮನೆಯ ತಾರಸಿಯಿಂದ ಬಿದ್ದಂತೆ. 60ಕ್ಕೆ ಏರಿದರೆ ಆ ಎತ್ತರ 14 ಮೀಟರ್ ಆಗುತ್ತದೆ. 30ಕ್ಕೆ ಇಳಿಸಿದರೆ ಮೂರೂವರೆ ಮೀಟರ್. ವೇಗ ಎರಡರಷ್ಟಾದರೆ ಪೆಟ್ಟಿನ ಶಕ್ತಿ ನಾಲ್ಕರಷ್ಟಾಗುತ್ತದೆ ಎಂಬುದು ಹೈಸ್ಕೂಲಿನ ಪಾಠ. ನಾವು ಕೇಳುವ ವೇಗಮಿತಿಗೆ ಅದಕ್ಕಿಂತ ಕಠಿಣವಾದ ವಿಜ್ಞಾನ ಬೇಕಿಲ್ಲ.

'ಹೆಲ್ಮೆಟ್ ಇದೆಯಲ್ಲ' ಎಂಬುದು ಮುಂದಿನ ಉತ್ತರ. ಹೆಲ್ಮೆಟ್ ಹಾಕಲೇಬೇಕು, ಅದರಲ್ಲಿ ವಾದವಿಲ್ಲ. ಆದರೆ ಯುರೋಪಿನ ಮಾನದಂಡದಲ್ಲಿ ಸ್ಕೀ ಹೆಲ್ಮೆಟನ್ನು ಒಂದೂವರೆ ಮೀಟರ್ ಎತ್ತರದಿಂದ ಬೀಳಿಸಿ ಪರೀಕ್ಷಿಸುತ್ತಾರೆ. ಅದು ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದ ಪೆಟ್ಟು. ಜನ ಜಾರುವುದು ಅದರ ಎರಡು ಪಟ್ಟು ವೇಗದಲ್ಲಿ. 2009ರ ಜನವರಿ 1ರಂದು ಆಸ್ಟ್ರಿಯಾದಲ್ಲಿ, ಜರ್ಮನಿಯ ಥುರಿಂಗಿಯಾ ರಾಜ್ಯದ ಅಂದಿನ ಮುಖ್ಯಸ್ಥ ಡೀಟರ್ ಆಲ್ಟ್‌ಹೌಸ್ ಎರಡು ಇಳಿಜಾರುಗಳು ಕೂಡುವಲ್ಲಿ ಒಬ್ಬ ಮಹಿಳೆಗೆ ಡಿಕ್ಕಿ ಹೊಡೆದರು. ಆಕೆ ತೀರಿಕೊಂಡರು. ಹೆಲ್ಮೆಟ್ ಹಾಕಿದ್ದ ಆಲ್ಟ್‌ಹೌಸ್ ತಲೆಗೆ ತೀವ್ರ ಪೆಟ್ಟಾದರೂ ಬದುಕಿದರು. ಆಕೆ ಹಾಕಿರಲಿಲ್ಲ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದರೆಂದು ನ್ಯಾಯಾಲಯ ಅವರಿಗೆ 33,300 ಯೂರೊ ದಂಡ ಹಾಕಿತು. ಆ ಚಳಿಗಾಲದಲ್ಲಿ ಹೆಲ್ಮೆಟ್ ಮಾರಾಟ ಜೋರಾಯಿತು. ಆದರೆ ದಾರಿಗಳು ಕೂಡುವ ಜಾಗದಲ್ಲಿ ಎಲ್ಲರೂ ನಿಧಾನಿಸುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆ ಅಂಗಡಿಯಲ್ಲಿ ಮಾರಾಟಕ್ಕೆ ಸಿಗುವಂಥದ್ದಲ್ಲ. ಹಾಗಾಗಿ ಅದು ಹಿಂದೆ ಸರಿಯಿತು. ಡಿಕ್ಕಿ ಹೊಡೆದವನ ಹೊಣೆಯ ಚರ್ಚೆ ಸತ್ತವಳ ತಲೆಯ ಮೇಲೇನಿತ್ತು ಎಂಬ ಚರ್ಚೆಯಾಗಿ ಮಾರ್ಪಟ್ಟಿತು.

ಕಾನೂನಿಗೂ ಈ ಮಬ್ಬು ಕವಿದದ್ದುಂಟು. 1997ರ ಏಪ್ರಿಲ್‌ನಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ವೇಲ್ ಎಂಬಲ್ಲಿ, ಲಿಫ್ಟ್ ನಡೆಸುವ ಕೆಲಸ ಮುಗಿಸಿ ವೇಗವಾಗಿ ಇಳಿಯುತ್ತಿದ್ದ ಹದಿನೆಂಟರ ಹುಡುಗನೊಬ್ಬ ಕೆಳಗಿದ್ದವರೊಬ್ಬರಿಗೆ ಡಿಕ್ಕಿ ಹೊಡೆದು ಅವರ ಸಾವಿಗೆ ಕಾರಣನಾದ. ಅತಿ ವೇಗದ ಸ್ಕೀಯಿಂಗ್ ಇನ್ನೊಬ್ಬರ ಸಾವಿಗೆ ಕಾರಣವಾಗುವ ಸಂಭವ ತೀರಾ ಕಡಿಮೆ ಎಂದು ಕೆಳಗಿನ ನ್ಯಾಯಾಲಯಗಳು ನರಹತ್ಯೆಯ ಆರೋಪವನ್ನು ತಳ್ಳಿಹಾಕಿದವು. 2000ದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ತರ್ಕವನ್ನು ಒಪ್ಪಲಿಲ್ಲ. ಹಿಡಿತ ತಪ್ಪಿದ ವೇಗ ಇತರರ ಜೀವಕ್ಕೆ ಅಪಾಯ ಒಡ್ಡಬಲ್ಲದು, ಇದನ್ನು ಜ್ಯೂರಿಯ ಮುಂದೆ ತರಬಹುದು ಎಂದಿತು. ಆರೋಪಿ ಕಡಿಮೆ ದರ್ಜೆಯ ನಿರ್ಲಕ್ಷ್ಯದ ಅಪರಾಧಕ್ಕೆ ಜೈಲಿಗೆ ಹೋದ. ಈ ಪ್ರಕರಣದಿಂದ ನನಗೆ ಕಾಣುವುದು ಹುಡುಗನ ಕ್ರೌರ್ಯವಲ್ಲ. ಸ್ಪಷ್ಟ ಗೆರೆ ಎಳೆಯದೆ ಬಿಟ್ಟ ಜಾಗದಲ್ಲಿ ಒಬ್ಬರು ಸಾಯಬೇಕಾಯಿತು, ಇನ್ನೊಬ್ಬ ಅಪರಾಧಿಯಾಗಬೇಕಾಯಿತು. ಗೆರೆ ಎಳೆಯುವುದು ಇಬ್ಬರಿಗೂ ಮಾಡುವ ಉಪಕಾರ.

ಸಾಹಿತ್ಯ ಓದುವ ನಮ್ಮಂಥವರ ಮನಸ್ಸಿಗೆ ಹತ್ತಿರವಾದ ಆಕ್ಷೇಪ ಇನ್ನೊಂದಿದೆ. ಪರ್ವತವೆಂದರೆ ಸ್ವಾತಂತ್ರ್ಯ, ಅಲ್ಲಿಗೂ ಟ್ರಾಫಿಕ್ ಪೊಲೀಸರನ್ನು ಕರೆತರಬೇಡಿ ಎಂಬುದು. ಕೇಳಲು ಚೆನ್ನಾಗಿದೆ. ಆದರೆ ರೆಸಾರ್ಟಿನ ಇಳಿಜಾರು ಪರ್ವತವೇ? ಮರ ಕಡಿದು, ನೆಲ ಸಮ ಮಾಡಿ, ರಾತ್ರಿಯೆಲ್ಲ ಯಂತ್ರ ಓಡಿಸಿ ಹಿಮವನ್ನು ನಯಗೊಳಿಸಿ, ಸಾಲದಿದ್ದರೆ ಕೃತಕ ಹಿಮ ಉಗುಳಿಸಿ, ನೀಲಿ, ಕೆಂಪು, ಕಪ್ಪು ಎಂದು ದರ್ಜೆ ಕೊಟ್ಟು, ಟಿಕೆಟ್ ಇಟ್ಟು ಬಿಡುವ ದಾರಿ ಅದು. ಎಂಟು ಜನ ಕೂರುವ ಇಂದಿನ ಲಿಫ್ಟುಗಳು ಗಂಟೆಗೆ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಮೇಲೆ ಸುರಿಯುತ್ತವೆ. ಅಷ್ಟೂ ಜನ ಕೆಳಗಿಳಿಯಬೇಕು. ಇದಕ್ಕೆ ಹೆದ್ದಾರಿ ಎಂಬುದೇ ಸರಿಯಾದ ಹೆಸರು. ವೇಗ ಹೆಚ್ಚಿಸಲು ಎಲ್ಲ ಅನುಕೂಲ ಮಾಡಿಕೊಟ್ಟು, ವೇಗದ ಹೊಣೆ ಬಂದಾಗ ಮಾತ್ರ 'ಇದು ಪ್ರಕೃತಿ' ಎಂದು ಕೈತೊಳೆದುಕೊಳ್ಳುವುದು ಯಾವ ನ್ಯಾಯ?

ಹೆಚ್ಚಿನ ಗಾಯಗಳು ತಾವಾಗಿಯೇ ಬಿದ್ದವರಿಗೆ ಆಗುತ್ತವೆ, ಡಿಕ್ಕಿಯಿಂದ ಆಗುವಂಥವು ಸಣ್ಣ ಪಾಲು ಎಂಬ ಮಾತು ನಿಜ. ಇದನ್ನು ಎದುರಾಳಿಗಳ ಅತಿ ಬಲವಾದ ವಾದವೆಂದು ನಾನು ಗೌರವಿಸುತ್ತೇನೆ. ಆದರೆ ತಾನಾಗಿ ಬಿದ್ದವರು ತಮ್ಮ ಅಪಾಯವನ್ನು ತಾವೇ ಆಯ್ದುಕೊಂಡವರು. ಬೆನ್ನ ಹಿಂದಿನಿಂದ ಬಂದವನಿಂದ ಪೆಟ್ಟು ತಿಂದವರು ಏನನ್ನೂ ಆಯ್ದುಕೊಂಡಿರುವುದಿಲ್ಲ. ಮೊದಲ ಬಾರಿ ಹಿಮದ ಮೇಲೆ ನಿಂತ ಏಳು ವರ್ಷದ ಮಗುವಿಗೆ ಹಿಂದೆ ನೋಡಲು ಕೂಡ ಬರುವುದಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ನಮ್ಮ ಗಾದೆ ಹಿಮ ಕಾಣದ ನಾಡಿನಲ್ಲಿ ಹುಟ್ಟಿದ್ದರೂ ಈ ಇಳಿಜಾರಿಗೆ ಚೆನ್ನಾಗಿಯೇ ಒಪ್ಪುತ್ತದೆ.

ಹಿಮ ದಿನಕ್ಕೊಂದು ಬಗೆ, ಒಂದೇ ಸಂಖ್ಯೆ ಎಲ್ಲ ದಿನಕ್ಕೂ ಹೇಗೆ ಹೊಂದೀತು ಎನ್ನುತ್ತಾರೆ. ಮಳೆ, ಮಂಜು, ಬಿಸಿಲು ರಸ್ತೆಗೂ ಇವೆ. ರಸ್ತೆಯಲ್ಲಿ 'ಜಾಗರೂಕತೆಯಿಂದ ಓಡಿಸಿ' ಎಂಬ ನಿಯಮವೂ ಇದೆ, ಅದರ ಜೊತೆಗೆ ಸಂಖ್ಯೆಯೂ ಇದೆ. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಬೇಡವೆಂದು ಅಲ್ಲಿ ಯಾರೂ ಹೇಳುವುದಿಲ್ಲ.

ಕಾವಲು ಅಸಾಧ್ಯ ಎಂಬುದೂ ಸುಳ್ಳು. ಇಟಲಿಯಲ್ಲಿ ಪೊಲೀಸರು ಸ್ಕೀ ಹಾಕಿಕೊಂಡೇ ಇಳಿಜಾರುಗಳಲ್ಲಿ ಗಸ್ತು ತಿರುಗುತ್ತಾರೆ, ದಂಡ ಹಾಕುತ್ತಾರೆ. 2022ರ ಜನವರಿಯಿಂದ ಅಲ್ಲಿ ಇತರರಿಗಾಗುವ ಹಾನಿಗೆ ವಿಮೆ ಇಲ್ಲದೆ ಇಳಿಜಾರಿಗೆ ಇಳಿಯುವಂತಿಲ್ಲ. ಅಮೆರಿಕದ ಹಲವು ರೆಸಾರ್ಟುಗಳಲ್ಲಿ ನಿಧಾನ ವಲಯಗಳಿವೆ, ಅತಿ ವೇಗಿಗಳ ಪಾಸು ಕಿತ್ತುಕೊಳ್ಳುವ ಅಧಿಕಾರವಿರುವ ಸಿಬ್ಬಂದಿ ಅಲ್ಲಿದ್ದಾರೆ. ಆದರೆ ಆ ಫಲಕಗಳ ಮೇಲೆ ಸಾಮಾನ್ಯವಾಗಿ ಇರುವುದು 'ನಿಧಾನ' ಎಂಬ ಪದ ಮಾತ್ರ. ನಿಧಾನವೆಂದರೆ ಎಷ್ಟು? ಇಪ್ಪತ್ತೈದರ ಚಾಂಪಿಯನ್ನನ ನಿಧಾನ ಬೇರೆ, ಐವತ್ತರ ಹೊಸಬರ ನಿಧಾನ ಬೇರೆ. ಸಂಖ್ಯೆ ಬೇಕಾಗಿರುವುದು ಇದಕ್ಕೇ.

ನಮಗೂ ಇದು ದೂರದ ವಿಷಯವಲ್ಲ. ಗುಲ್ಮಾರ್ಗ್‌ಗೆ, ಔಲಿಗೆ ಇಲ್ಲಿಂದಲೂ ಪ್ರತಿ ಚಳಿಗಾಲ ಹುಡುಗ ಹುಡುಗಿಯರು ಹೋಗುತ್ತಾರೆ. ಗುಲ್ಮಾರ್ಗ್‌ನ ಕೆಳಗಿನ ಬಯಲಿನಲ್ಲಿ ಕಲಿಯುವವರು, ಸ್ಲೆಡ್ಜ್ ಎಳೆಯುವವರು, ಫೋಟೊ ತೆಗೆಸಿಕೊಳ್ಳುವವರು ಎಲ್ಲರೂ ಒಂದೇ ಹಿಮದ ಮೇಲೆ ಓಡಾಡುತ್ತಾರೆ. 2020ರಿಂದ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟವೂ ಅಲ್ಲಿ ನಡೆಯುತ್ತಿದೆ, ಆಸಕ್ತಿ ಬೆಳೆಯುತ್ತಿದೆ. ಯುರೋಪು ಅರ್ಧ ಶತಮಾನ ಕೈಕಟ್ಟಿ ಕೂತ ತಪ್ಪನ್ನು ನಾವು ಮೊದಲಿನಿಂದ ಶುರು ಮಾಡಬೇಕಿಲ್ಲ. ಜನ ಇನ್ನೂ ಕಡಿಮೆ ಇರುವಾಗಲೇ ಕಲಿಯುವವರ ಜಾಗಕ್ಕೆ ಬಲೆ, ಫಲಕ, ಕಾವಲು ಹಾಕುವುದು ಸುಲಭ ಮತ್ತು ಅಗ್ಗ.

ವೇಗ ಬೇಕೆನ್ನುವವರಿಗೆ ಬಲೆ ಕಟ್ಟಿದ ಪ್ರತ್ಯೇಕ ದಾರಿ ಇರಲಿ. ಅಲ್ಲಿ ನೂರು ಮುಟ್ಟಲಿ, ಚಪ್ಪಾಳೆ ತಟ್ಟೋಣ. ಉಳಿದ ದಾರಿಗಳಲ್ಲಿ ಮಾತ್ರ, ಕೆಳಗೆ ಬೆನ್ನು ಹಾಕಿ ನಿಂತಿರುವವರ ಪರವಾಗಿ ಒಂದು ಸಂಖ್ಯೆ ನಿಂತಿರಲಿ.