ಕುಸುಬೆ ಎಣ್ಣೆಯೂ ಕೂಸಿನ ಮೈಯೂ

ಜತ್ತ ಸೀಮೆಯಲ್ಲಿ ಜೋಳದ ಹೊಲದ ಅಂಚಿಗೆ ಮುಳ್ಳಿನ ಕುಸುಬೆ ಬಿತ್ತುವ ರೂಢಿ ಹಳೆಯದು. ಗಾಣದಿಂದ ಬಂದ ಅದರ ಎಣ್ಣೆ ಒಗ್ಗರಣೆಗೆ ಎಷ್ಟು ಬೇಕೋ ಬಾಣಂತಿಯ ಕೋಣೆಗೂ ಅಷ್ಟೇ ಬೇಕು. ಕೂಸಿಗೆ ಎರೆಯುವ ಮುನ್ನ ಎಣ್ಣೆ ತಿಕ್ಕುವ ಅತ್ತೆಯನ್ನು ಕಂಡು ಓದಿದ ಸೊಸೆಯಂದಿರು, ಇದರಿಂದೇನು ಪ್ರಯೋಜನವೆಂದು ಕೇಳುತ್ತಿದ್ದಾರೆ. ಯೋಗ್ಯವಾದ ಪ್ರಶ್ನೆ.

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 120 ನವಜಾತ ಶಿಶುಗಳಲ್ಲಿ ಒಂದು ಗುಂಪಿಗೆ ಕುಸುಬೆ ಎಣ್ಣೆ, ಇನ್ನೊಂದಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿದರು. ಮೂರನೆಯದಕ್ಕೆ ಎಣ್ಣೆಯೇ ಇಲ್ಲ. ದಿನಕ್ಕೆ ನಾಲ್ಕು ಸಲ, ಸಲಕ್ಕೆ 5 ಮಿ.ಲೀ., ಐದು ದಿನ. ಬಳಿಕ ರಕ್ತ ಪರೀಕ್ಷಿಸಿದಾಗ ಕುಸುಬೆಯ ಗುಂಪಿನಲ್ಲಿ ದೇಹಕ್ಕೆ ಅವಶ್ಯವಾದ ಕೊಬ್ಬಿನಾಮ್ಲಗಳು ಏರಿದ್ದವು. ಎಳೆಯ ಚರ್ಮ ಎಣ್ಣೆಯನ್ನು ಹೀರುತ್ತದೆಂದಾಯಿತು. ಹಾಗೆಂದು ಅದು ಎದೆಹಾಲಿಗೆ ಬದಲಿಯಲ್ಲ.

ಸ್ಪರ್ಶದ ಗುಣವೇ ಬೇರೆ. ಅಮೆರಿಕದ ಟಿಫನಿ ಫೀಲ್ಡ್ ಮತ್ತು ಸಂಗಡಿಗರು 1986ರಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳ ಮೈ ನೀವಿ, ಕೈಕಾಲು ಆಡಿಸಿ ನೋಡಿದರು: ಹದಿನೈದು ನಿಮಿಷದಂತೆ ದಿನಕ್ಕೆ ಮೂರು ಬಾರಿ, ಹತ್ತು ದಿನ. ಉಳಿದವುಗಳಷ್ಟೇ ಹಾಲು ಕುಡಿದರೂ ಈ ಶಿಶುಗಳ ದಿನದ ತೂಕದ ಏರಿಕೆ ಶೇ. 47ರಷ್ಟು ಹೆಚ್ಚಿತ್ತು.

ಅತ್ತೆಯ ಪಕ್ಷ ಗೆದ್ದಿತೆಂದು ಹಿಗ್ಗುವ ಮೊದಲು ಎರಡನೆಯ ಮಾತು ಕೇಳಬೇಕು. ಮೂಗಿಗೆ ಎಣ್ಣೆ ಬಿಡಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಕಿವಿಗೂ ಬೇಡ. ನೆತ್ತಿ ಒತ್ತುವುದು, ಕೂಸಿನ ಮೊಲೆ ಹಿಂಡುವುದು, ಕಾಲು ಹಿಡಿದು ತಲೆಕೆಳಗೆ ಮಾಡುವುದು ಇವು ಶುಶ್ರೂಷೆಯಲ್ಲ, ಹಿಂಸೆ. ಹಿಂಡಿದ ಮೊಲೆ ಕೀವುಗಟ್ಟುವುದುಂಟು.

ಶಾಲೆಯ ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬಿದ್ದು ಮೊಣಕೈ ಊದಿಸಿಕೊಂಡು ಬಂದ ಹುಡುಗನನ್ನು ತಿಕ್ಕುವವರ ಬಳಿಗೆ ಒಯ್ಯಬಾರದು. ಪೆಟ್ಟಾದ ಮೊಣಕೈಯನ್ನು ತಿಕ್ಕಿದರೆ ಸುತ್ತಲಿನ ಸ್ನಾಯುವಿನಲ್ಲೇ ಎಲುಬು ಬೆಳೆದು ಕೀಲು ಮಡಚದಂತಾಗಬಹುದು. ಬರೆಯುವ ಕೈಯಾದರೆ ಏನು ಗತಿ? ಕೈಯನ್ನು ಅಲುಗದಂತೆ ಜೋಳಿಗೆ ಕಟ್ಟಿ, ಕ್ಷ-ಕಿರಣದ ಸೌಲಭ್ಯವಿರುವ ಆಸ್ಪತ್ರೆಗೆ ಅಂದೇ ಹೊರಡಿ.

ಇನ್ನು ಕಬ್ಬು ಕಡಿದು ಬಂದ ತಾಯಿಯ ಸೊಂಟಕ್ಕೆ ಯಾರೂ ಎಣ್ಣೆ ಹಚ್ಚುವುದಿಲ್ಲವೆಂಬುದು ನನ್ನ ದೂರು. ಅಂಥ ನೋವನ್ನು ನೀವಿಕೆ ಕೆಲವು ದಿನ ತಗ್ಗಿಸೀತು, ಬೇರುಸಹಿತ ಕೀಳಲಾರದು. ಆದರೆ ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ಮಾತ್ರ ತಿಕ್ಕದೆ ವೈದ್ಯರಿಗೆ ತೋರಿಸಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು.