ಎಡವೋ ಬಲವೋ ಎಂದು ಕೇಳುವ ಮೊದಲು

ಸಿಂಗಪುರವನ್ನು 1959ರಿಂದ ಆಳುತ್ತಿರುವ ಪೀಪಲ್ಸ್ ಆ್ಯಕ್ಷನ್ ಪಾರ್ಟಿ (ಪಿಎಪಿ) ಎಡಪಂಥದ್ದೋ ಬಲಪಂಥದ್ದೋ? ಊರಿನಿಂದ ಬಂದ ನೆಂಟರು ಇದನ್ನು ಕೇಳಿದಾಗಲೆಲ್ಲ ಒಂದೇ ಮಾತಿನ ಉತ್ತರ ಬಯಸುತ್ತಾರೆ. ನಾನು ಈ ದೇಶದ ಪ್ರಜೆ, ಇಲ್ಲಿ ಮತ ಹಾಕುವವಳು. ಆದರೂ ಅಂಥ ಉತ್ತರ ನನ್ನಲ್ಲಿಲ್ಲ.

1789ರಲ್ಲಿ ಫ್ರಾನ್ಸಿನ ರಾಷ್ಟ್ರಸಭೆಯಲ್ಲಿ ಅರಸನ ಪರವಾಗಿದ್ದವರು ಅಧ್ಯಕ್ಷರ ಬಲಕ್ಕೂ ಬದಲಾವಣೆ ಬೇಕೆಂದವರು ಎಡಕ್ಕೂ ಕೂತರು. ಮುಂದೆ ಭೂಮಿ, ಬಂಡವಾಳ, ಕೂಲಿಯ ಜಗಳಗಳಿಗೂ ಅದೇ ಹೆಸರು ಅಂಟಿಕೊಂಡಿತು. ಸಮಾನತೆಗಾಗಿ ಸರ್ಕಾರ ಕೈಹಾಕಬೇಕು ಎನ್ನುವವರು ಎಡ. ಖಾಸಗಿ ಆಸ್ತಿ, ಮಾರುಕಟ್ಟೆ, ಸಂಪ್ರದಾಯಗಳನ್ನು ಉಳಿಸಿಕೊಳ್ಳಬೇಕು ಎನ್ನುವವರು ಬಲ. ಸ್ಥೂಲವಾಗಿ ಇಷ್ಟು.

ಈಗ ನನ್ನ ಮನೆಯನ್ನೇ ನೋಡಿ. ಸೆಂಗ್‌ಕಾಂಗ್‌ನಲ್ಲಿ ಸರ್ಕಾರಿ ವಸತಿ ಮಂಡಳಿ ಎಚ್‌ಡಿಬಿ ಕಟ್ಟಿದ ಫ್ಲ್ಯಾಟು, 99 ವರ್ಷದ ಗುತ್ತಿಗೆ. ನೆಲ ಸರ್ಕಾರದ್ದು. ತಿಂಗಳ ಕಂತು ಸಂಬಳದಿಂದ ಹಿಡಿಯುವ ಸಿಪಿಎಫ್ ಎಂಬ ಕಡ್ಡಾಯ ಉಳಿತಾಯದ ಹಣದಲ್ಲೇ ಕಟ್ಟಿಹೋಗುತ್ತದೆ. ಮಾರಬೇಕೆಂದರೆ, ಕೊಳ್ಳುವವರ ಜನಾಂಗದ ಪಾಲು ನಮ್ಮ ಬ್ಲಾಕಿನಲ್ಲಿ ಮಿತಿ ಮೀರುತ್ತದೆಯೇ ಎಂದು ಮೊದಲು ನೋಡಬೇಕು. ಅದು 1989ರ ನಿಯಮ. ದೇಶದ ಹತ್ತು ಜನರಲ್ಲಿ ಸುಮಾರು ಎಂಟು ಜನ ಇಂಥ ಮನೆಗಳಲ್ಲೇ ಇದ್ದಾರೆ. 1966ರ ಭೂಸ್ವಾಧೀನ ಕಾಯ್ದೆಯ ಬಲದಿಂದ ಖಾಸಗಿ ಜಮೀನನ್ನು ಸರ್ಕಾರ ಅಗ್ಗದಲ್ಲಿ ತೆಗೆದುಕೊಂಡದ್ದರಿಂದ ಇದು ಸಾಧ್ಯವಾಯಿತು. ಇಷ್ಟು ಮಾಡಿದ ಎಡಪಕ್ಷ ಜಗತ್ತಿನಲ್ಲಿ ಎಷ್ಟಿದೆ?

ಅದೇ ಸರ್ಕಾರ 1968ರಲ್ಲಿ ಕಾರ್ಮಿಕ ಕಾನೂನು ಬದಲಿಸಿ ಮಾಲೀಕರ ಕೈ ಬಲಪಡಿಸಿತು. ಎಲ್ಲರಿಗೂ ಅನ್ವಯಿಸುವ ಕನಿಷ್ಠ ವೇತನ ಇಲ್ಲಿ ಇವತ್ತಿಗೂ ಇಲ್ಲ. ಪಿತ್ರಾರ್ಜಿತ ಆಸ್ತಿಯ ಮೇಲಿನ ತೆರಿಗೆ 2008ರಲ್ಲೇ ಹೋಯಿತು. ಅಕ್ಕಿ ಕೊಂಡರೂ ವಜ್ರ ಕೊಂಡರೂ ಜಿಎಸ್‌ಟಿ ಮಾತ್ರ ಒಂದೇ, ಶೇಕಡ 9.

ಇನ್ನೂ ಒಂದು ಸಂಗತಿಯಿದೆ. 1954ರಲ್ಲಿ ಹುಟ್ಟಿದ ಈ ಪಕ್ಷಕ್ಕೆ ಕಾರ್ಮಿಕರನ್ನು ತಂದವರು ಲಿಮ್ ಚಿನ್ ಸಿಯಾಂಗ್‌ರಂಥ ಎಡಪಂಥೀಯರು. 1961ರಲ್ಲಿ ಅವರು ಹೊರಬಂದು ಬರಿಸಾನ್ ಸೋಷಿಯಲಿಸ್ ಎಂಬ ಪಕ್ಷ ಕಟ್ಟಿದರು. 1963ರ ಫೆಬ್ರವರಿ 2ರಂದು, ಬ್ರಿಟಿಷ್ ಮತ್ತು ಮಲಯಾ ಸರ್ಕಾರಗಳೂ ಸೇರಿ ನಡೆಸಿದ 'ಆಪರೇಷನ್ ಕೋಲ್ಡ್‌ಸ್ಟೋರ್'ನಲ್ಲಿ ಲಿಮ್ ಸೇರಿ ನೂರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಲಿಮ್ ಬಿಡುಗಡೆಯಾದದ್ದು 1969ರಲ್ಲಿ. 1966ರಲ್ಲಿ ಬಂಧಿತರಾದ ಅದೇ ಪಕ್ಷದ ಚಿಯಾ ತೈ ಪೋ ವಿಚಾರಣೆಯೇ ಇಲ್ಲದೆ 1989ರವರೆಗೆ ಸೆರೆಯಲ್ಲಿದ್ದರು. ಈ ಬಂಧನಗಳ ವಿಷಯಕ್ಕೇ ಜಗಳವಾಗಿ, ಪಿಎಪಿ 1976ರಲ್ಲಿ ಸಮಾಜವಾದಿ ಪಕ್ಷಗಳ ಜಾಗತಿಕ ಒಕ್ಕೂಟವಾದ ಸೋಷಲಿಸ್ಟ್ ಇಂಟರ್‌ನ್ಯಾಷನಲ್‌ನಿಂದ ಹೊರನಡೆಯಿತು.

ಇದು ಸಿಂಗಪುರದ ವಿಚಿತ್ರ ಎಂದುಕೊಳ್ಳಬೇಡಿ. ನನ್ನ ಅಜ್ಜ ಸಾಗರ ಸೀಮೆಯ ಗೇಣಿದಾರ. ಉಳುವವನಿಗೆ ಭೂಮಿ ಸಿಗಬೇಕೆಂದು 1951ರಲ್ಲಿ ಕಾಗೋಡಿನ ರೈತರ ಜೊತೆ ನಿಂತವರು ಸಮಾಜವಾದಿಗಳು. ಆ ಮಾತನ್ನು ಕಾನೂನಾಗಿ 1974ರಲ್ಲಿ ಜಾರಿಗೆ ತಂದದ್ದು ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ. ಗೇಣಿ ಗದ್ದೆ ತನಗೆ ಸೇರಬೇಕೆಂದು ಅಜ್ಜ ಡಿಕ್ಲರೇಷನ್ ಹಾಕಿದ ಫಾರಂ 7ರ ಪ್ರತಿ ಈಗಲೂ ಊರಿನ ಟ್ರಂಕಿನಲ್ಲಿದೆ, ಮೂಲೆಯಲ್ಲಿ ಅವರ ಹೆಬ್ಬೆಟ್ಟಿನ ನೀಲಿ ಗುರುತು. ಆ ಹೆಬ್ಬೆಟ್ಟಿನಿಂದಲೇ ನಮ್ಮ ಮನೆಯಲ್ಲಿ ಓದು ಶುರುವಾಯಿತು. ಆದರೆ ಭೂ ನ್ಯಾಯಮಂಡಳಿಗಳು ಗದ್ದೆ ಹಂಚುತ್ತಿದ್ದ ಹೊತ್ತಿನಲ್ಲೇ, ಅದೇ ಕಾಂಗ್ರೆಸ್ ಹೇರಿದ ತುರ್ತುಪರಿಸ್ಥಿತಿಯ ದಿನಗಳಲ್ಲಿ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ಉಬ್ಬಸದಿಂದ ನರಳುತ್ತಿದ್ದರು. ಬಿಡುಗಡೆಯಾಗಿ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಆದ್ದರಿಂದ ನಾನು ಪಕ್ಷಗಳಿಗೆ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಹಾಕುತ್ತೇನೆ. ನೆಲ, ಮನೆ, ಕೂಲಿ, ತೆರಿಗೆಯ ವಿಷಯದಲ್ಲಿ ನಿಮ್ಮ ತೀರ್ಮಾನದಿಂದ ಯಾರಿಗೆ ಎಷ್ಟು ಸಿಗುತ್ತದೆ? ಇದಕ್ಕೆ ಎಡ, ಬಲ ಎನ್ನುವ ಅಳತೆ ಇವತ್ತಿಗೂ ಬೇಕು. ನಿಮ್ಮನ್ನು ಎದುರಿಸಿ ಮಾತಾಡಿದವರನ್ನು ಏನು ಮಾಡುತ್ತೀರಿ? ಇದಕ್ಕೆ ಆ ಅಳತೆ ಸಾಲದು. ಸೆರೆಮನೆ ತುಂಬಿಸಿದವರು ಎಡದಲ್ಲೂ ಇದ್ದರು, ಬಲದಲ್ಲೂ ಇದ್ದರು.

2025ರ ಮೇ ಚುನಾವಣೆಯಲ್ಲಿ ಪಿಎಪಿ 97ರಲ್ಲಿ 87 ಸ್ಥಾನ ಗೆದ್ದಿತು. ಕನಿಷ್ಠ ವೇತನ ಬೇಕೆನ್ನುವ ವರ್ಕರ್ಸ್ ಪಾರ್ಟಿಗೆ 10 ಸಿಕ್ಕಿತು. ನಾನು ಎರಡೂ ಪಕ್ಷಗಳ ಕರಪತ್ರಗಳನ್ನು ಈ ಎರಡು ಪ್ರಶ್ನೆ ಇಟ್ಟುಕೊಂಡೇ ಓದಿದೆ. ಕನ್ನಡನಾಡಿನಲ್ಲಿ ಈಗ ಎಡ, ಬಲ ಎನ್ನುವುದು ಬೈಗುಳವಾಗಿದೆ, ಅಣ್ಣ ತಮ್ಮಂದಿರೇ ಮಾತು ಬಿಟ್ಟಿದ್ದಾರೆ. ಬೈಯುವ ಮೊದಲು ಮೆಚ್ಚಿದ ಪಕ್ಷಕ್ಕೂ ಮೆಚ್ಚದ ಪಕ್ಷಕ್ಕೂ ಇದೇ ಎರಡನ್ನು ಕೇಳಿ. ನಮಗೆ ಮನೆ ಕೊಟ್ಟ, ಗದ್ದೆ ಕೊಟ್ಟ ಸರ್ಕಾರಕ್ಕೆ ಕೃತಜ್ಞರಾಗಿರೋಣ. ಆ ಕೃತಜ್ಞತೆಗಾಗಿ ಇನ್ನೊಬ್ಬರ ಸೆರೆವಾಸವನ್ನು ಒಪ್ಪಬೇಕಾದ ಹಂಗು ಯಾರಿಗೂ ಇಲ್ಲ.